ಬೆಕ್ಕು ಏಳುವವರೆಗೆ ಕಾದವರು

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಬೆಕ್ಕನ್ನು ನೋಡಲು. ಬಂದವರು ಅದನ್ನು ಮುಟ್ಟಲಿಲ್ಲ, ಬಾಯಿ ಬಿಡಿಸಲಿಲ್ಲ, ಹೊಟ್ಟೆ ಒತ್ತಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ನಡುಮನೆಯ ಗೋಡೆಯ ಪಕ್ಕ ಹಾಸಿಕೊಂಡು, ಅದರ ಮೇಲೆ ಕೂತು, "ಮಲಗ್ಲಿ ಬಿಡ್ರಿ" ಅಂದರು.

"ಮಲಗಿದ್ಮೇಲೆ ಏನು ನೋಡ್ತೀರಿ?" ಅಂದೆ.

"ಮಲಗಾದನ್ನ ಏನು ನೋಡಾದೈತಮ್ಮಾ. ಎದ್ದೇಳಾದನ್ನ ನೋಡ್ಬೇಕು."

ಆಗ ಬೆಳಿಗ್ಗೆ ಎಂಟು. ಹೊಸಬರು ಕೂತಿದ್ದಾರೆಂದು ಬೆಕ್ಕು ಕಣ್ಣು ಮುಚ್ಚಲೇ ಇಲ್ಲ. ನಾನು ರೊಟ್ಟಿ ಬಡಿದು, ಪಲ್ಯಕ್ಕೆ ಒಗ್ಗರಣೆ ಹಾಕಿ, ಹತ್ತರ ಹೊತ್ತಿಗೆ ಬಂದು ನೋಡಿದರೆ ಅವರು ಗೋಡೆಗೆ ತಲೆ ಕೊಟ್ಟು, ಬಾಯಿ ತೆರೆದು ನಿದ್ದೆ ಹೋಗಿದ್ದರು. ಎರಡು ಮಾರು ದೂರದಲ್ಲಿ ಬೆಕ್ಕೂ ಮಲಗಿತ್ತು. ಮೊದಲು ಎದ್ದದ್ದು ಬೆಕ್ಕು. ಅವರು ಕಣ್ಣು ಬಿಟ್ಟಾಗ ಅದು ಎದುರಿಗೇ ಕೂತು ಅವರ ಮುಖವನ್ನು ದಿಟ್ಟಿಸುತ್ತಿತ್ತು.

"ನಾನು ಅದನ್ನ ನೋಡಾಕೆ ಬಂದ್ರೆ, ಅದೇ ನನ್ನ ನೋಡಿ ಮುಗಿಸೈತೆ" ಎಂದು ನಕ್ಕು, ಟವೆಲ್ ಕೊಡವಿ ಎದ್ದರು. "ನಾಳಿಕ್ಕೆ ಬರ್ತೀನ್ರಿ."

ಹೋದ ತಿಂಗಳು ಜಗಳೂರು ಸೀಮೆಯ ತಮ್ಮ ಊರಿನಲ್ಲಿ ಅವರು ತೀರಿಕೊಂಡರು. ಅವರ ಮಗಳು ನಮ್ಮ ನ್ಯಾಮತಿಯಲ್ಲೇ ಶಾಲೆಯ ಟೀಚರು. ಆಕೆ ಕಾರ್ಯ ಮುಗಿಸಿಕೊಂಡು ಬಂದ ಮೇಲೆ ನನಗೆ ಸುದ್ದಿ ಹೇಳಿದರು. ಅವರ ಪೂರ್ತಿ ಬದುಕು ನನಗೆ ಗೊತ್ತಿಲ್ಲ. ಒಂದು ವರ್ಷ ಚಿಲ್ಲರೆಯಷ್ಟು ಗೊತ್ತು, ಅದೂ ಒಂದು ಬೆಕ್ಕಿನ ನೆಪದಲ್ಲಿ ಕಂಡಷ್ಟು.

ಬೆಕ್ಕಿನ ಹೆಸರು ಮಂಡಕ್ಕಿ. ನಮ್ಮ ಯಜಮಾನರದು ಬಸ್‌ಸ್ಟ್ಯಾಂಡ್ ಹತ್ತಿರ ಮಂಡಕ್ಕಿ, ಖಾರದ ಅಂಗಡಿ. ಐದು ವರ್ಷದ ಹಿಂದೆ ಖಾಲಿ ಚೀಲ ಕೊಡವುವಾಗ ಒಳಗಿಂದ ಬಿದ್ದ ಬಿಳಿ ಮರಿ ಅದು. ಮನೆಗೆ ಬಂದ ಮೇಲೂ ಅದಕ್ಕೆ ಹಾಸಿಗೆ ಅಂದರೆ ಮಂಡಕ್ಕಿ ಚೀಲವೇ. ನಮಗೆ ಮಕ್ಕಳಿಲ್ಲ. ಇದನ್ನು ಕನಿಕರಕ್ಕೆ ಹೇಳುತ್ತಿಲ್ಲ, ಮನೆಯಲ್ಲಿ ಇರುವವರು ಎಷ್ಟು ಜನ ಎಂದು ತಿಳಿಯಲಿ ಎಂದು ಹೇಳಿದೆ. ಮೂರು.

ಅವರು ಸಿಕ್ಕ ವರ್ಷ ದೀಪಾವಳಿ ಕಳೆದ ಮೇಲೆ ಅದು ಊಟ ಬಿಡಲು ಶುರುಮಾಡಿತು. ಗ್ಯಾಸ್ ಬಂದ ದಿನ, ನಲ್ಲಿಯಲ್ಲಿ ನೀರು ಬಿಟ್ಟ ದಿನ ಎಂದು ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಡುವ ಅಭ್ಯಾಸ ನನ್ನದು. ಅಂದಿನಿಂದ ಚೌಕದ ತುಂಬ ಬೆಕ್ಕೇ ಆಯಿತು. ಅರ್ಧ ಮೊಟ್ಟೆ. ವಾಂತಿ ಎರಡು. ಏನೂ ಇಲ್ಲ. ಮೀನಿನ ನೀರು ನಾಲ್ಕು ಚಮಚ. ಏನೂ ಇಲ್ಲ. ಭಾನುವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸುತ್ತಿದ್ದೆ.

"ಮೂರು ಕೆಜಿ ನೂರು."

"ಬುಟ್ಟಿ ತೂಕ ಕಳೆದ್ರಾ? ಇನ್ನೊಂದ್ಸಲ ನೋಡ್ರಿ."

"ಏ, ಇದೇನು ಬಂಗಾರದಂಗಡಿ ಅನ್ಕಂಡಿಯೇನೆ? ಗಿರಾಕಿ ನಿಂತಾರೆ, ಇಳಿಸು ಅದನ್ನ."

ಹೀಗೆ ಅಂದವರೇ ಮತ್ತೊಂದು ಸಲ ತೂಗುತ್ತಿದ್ದರು.

ನ್ಯಾಮತಿಯ ದನದ ಆಸ್ಪತ್ರೆಯ ಡಾಕ್ಟರು ಜಂತಿರಬಹುದು ಎಂದು ಔಷಧಿ ಕೊಟ್ಟರು. ನಾಲ್ಕು ದಿನ ತಿಂದಿತು, ಐದನೆಯ ದಿನ ಬಿಟ್ಟಿತು. ಹೊನ್ನಾಳಿಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಲಿವರ್ ಇರಬಹುದು ಎಂದು ಬೇರೆ ಔಷಧಿ ಬರೆದರು. ಚನ್ನಗಿರಿಯಲ್ಲಿ ನಮ್ಮ ಅಕ್ಕ ಇದ್ದಾಳೆ. ಅವಳು ಹೇಳಿದಳೆಂದು ಅಲ್ಲಿಗೂ ಹೋದೆವು. ಅಲ್ಲಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಅನ್ನಿಸುತ್ತೆ, ಆದರೆ ಕಿಡ್ನಿಯದಾಗಿದ್ದರೆ ಈ ಇನ್ನೊಂದು ಅಂಶ ಹೀಗೆ ಇರಬಾರದಿತ್ತು ಎಂದು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾರೂ ಉಡಾಫೆ ಮಾಡಲಿಲ್ಲ. ಮೂವರೂ 'ಇರಬಹುದು' ಅಂದರು. ಮೂರು 'ಇರಬಹುದು'ಗಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಮೇಲೆ ಬಟ್ಟೆ ಕಟ್ಟಿಕೊಂಡು ನಾನು ಬಸ್ಸಿನಲ್ಲಿ ಓಡಾಡಿದೆ. ಕಂಡಕ್ಟರು ಕೇಳುತ್ತಿದ್ದ, "ಏನಮ್ಮಾ ಅದ್ರಾಗೆ, ಕೋಳಿನಾ?"

"ಬೆಕ್ಕು."

"ಬೆಕ್ಕು ಬಿಡಾಕೆ ಇಷ್ಟು ದೂರ ಹೋಗ್ತೀರಾ?"

ಬಿಡುವುದಕ್ಕಲ್ಲ, ತೋರಿಸುವುದಕ್ಕೆ ಅಂದರೆ ಅವನು ಟಿಕೆಟ್ ಹರಿಯುವುದನ್ನೇ ಮರೆತು ನಿಲ್ಲುತ್ತಿದ್ದ.

ಆ ದಿನಗಳಲ್ಲೇ ಒಮ್ಮೆ ನ್ಯಾಮತಿ ಆಸ್ಪತ್ರೆಯ ಕಲ್ಲುಬೆಂಚಿನ ಮೇಲೆ ಸರದಿಗೆ ಕೂತಿದ್ದಾಗ ಇವರು ಸಿಕ್ಕಿದರು. ಎಪ್ಪತ್ತರ ಹತ್ತಿರದ ಸಣಕಲು ಮೈ, ಬಿಳಿ ಅಂಗಿ, ಎಡಗೈಯ ಕಿರುಬೆರಳು ಸೊಟ್ಟ. ಎಮ್ಮೆಯೊಂದು ಗೋಡೆಗೆ ಅಮುಕಿದ್ದು ಎಂದು ಆಮೇಲೆ ತಿಳಿಯಿತು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ದನದ ಆಸ್ಪತ್ರೆಗಳಲ್ಲಿ ಡಾಕ್ಟರಿಗೆ ಪ್ರಾಣಿ ಹಿಡಿದುಕೊಡುವ ಕೆಲಸಕ್ಕೆ ಸೇರಿ, ಜಗಳೂರು, ಚನ್ನಗಿರಿ, ನ್ಯಾಮತಿ ಎಂದು ಮೂರು ಕಡೆ ದುಡಿದು ನಿವೃತ್ತರಾಗಿದ್ದರು. ನಿವೃತ್ತಿಯಾದರೂ ಬೆಳಿಗ್ಗೆ ಆಸ್ಪತ್ರೆಗೆ ಬಂದು ಕೂರುವುದು ತಪ್ಪಿರಲಿಲ್ಲ. ಯಾರಾದರೂ ಡಾಕ್ಟ್ರೇ ಅಂದರೆ ಕೈ ಅಡ್ಡ ಆಡಿಸಿ, "ನಾ ಹಿಡ್ಕಳಾನು ಕಣ್ರೀ, ಚುಚ್ಚೋರು ಒಳಗದಾರೆ" ಅನ್ನುತ್ತಿದ್ದರು. ಔಷಧಿಯ ಮಾತು ಒಂದು ದಿನವೂ ಆಡಿದವರಲ್ಲ.

ನನ್ನ ಬುಟ್ಟಿ ನೋಡಿ ಅವರು ಕೇಳಿದ್ದು ಒಂದೇ. "ಬೆಳಿಗ್ಗೆ ಎದ್ದಾಗ ಇದು ಹೆಂಗೆ ಏಳ್ತೈತೆ?"

ಎಷ್ಟು ತಿಂದಿತು, ಎಷ್ಟು ಸಲ ನೀರು ಕುಡಿಯಿತು, ಯಾವ ಮಾತ್ರೆ ಉಗುಳಿತು ಎಲ್ಲ ನನಗೆ ಬಾಯಿಪಾಠ. ಹೇಗೆ ಏಳುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನು ಏಳುವ ಹೊತ್ತಿಗೆ ಅದು ಎದ್ದಿರುತ್ತಿತ್ತು. ಹಾಗಾಗಿ ಅವರು ಮನೆಗೆ ಬಂದರು.

ಎರಡನೆಯ ದಿನ ಅದು ಏಳುವುದನ್ನು ನೋಡಿದರು.

"ಏನನ್ನಿಸ್ತು?"

"ಏನೂ ಅನ್ನಿಸ್ಲಿಲ್ಲಮ್ಮಾ. ಕುರಿ ಆಗಿದ್ರೆ ಹೇಳ್ತಿದ್ದೆ. ಹೊತ್ತು ಹುಟ್ಟಾಗ ಹಟ್ಟಿ ಮುಂದೆ ನಿಂತ್ರೆ ನೂರು ಕುರಿ ಒಟ್ಟಿಗೆ ಏಳ್ತಾವೆ. ಒಂದು ಹಿಂದೆ ಬೀಳ್ತೈತೆ. ಅದಕ್ಕೆ ಹುಷಾರಿಲ್ಲ ಅಂತ ಉಳಿದ ತೊಂಬತ್ತೊಂಬತ್ತೂ ಹೇಳ್ತಾವೆ. ನಿಮ್ದು ಒಂಟಿ. ನಾ ಯಾರನ್ನ ಕೇಳ್ಲಿ?"

ಅಷ್ಟಕ್ಕೇ ಬಿಡುವವರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುದಿನದಿಂದ ಅವರು ನಮ್ಮ ಬೀದಿಯ ಬೇರೆ ಬೆಕ್ಕುಗಳನ್ನು ನೋಡಲು ಹೊರಟರು. ನನಗೆ ಜೊತೆಗೆ ಹೋಗದೆ ವಿಧಿಯಿರಲಿಲ್ಲ. ದಾರಿಯಲ್ಲಿ ಅವರು ಎಂದೂ ಪಕ್ಕದಲ್ಲಿ ನಡೆಯುತ್ತಿರಲಿಲ್ಲ, ಐದು ಹೆಜ್ಜೆ ಹಿಂದೆ. ಕುರಿ ಹಿಂದೆ ನಡೆದು ನಡೆದು ಬಂದದ್ದಂತೆ. ಮಗಳ ಮದುವೆಯ ಮೆರವಣಿಗೆಯಲ್ಲೂ ಕಟ್ಟಕಡೆಗೆ ಇದ್ದರಂತೆ, ಬೀಗರು ಹುಡುಕಿ ಮುಂದೆ ಎಳೆದುಕೊಂಡು ಹೋಗಬೇಕಾಯಿತಂತೆ. ಇನ್ನೊಂದು ಗುಣವೂ ಅಲ್ಲಿಂದಲೇ ಬಂದದ್ದು. ಎಲ್ಲಿ ಕೂತರೂ ಜನ ಎಣಿಸುತ್ತಿದ್ದರು. ಒಮ್ಮೆ ಬಸವಾಪಟ್ಟಣದಲ್ಲಿ ಬಸ್ಸು ಹೊರಟಾಗ, "ಹಿಡಿರೀ, ಒಬ್ರು ಕಮ್ಮಿ ಅದಾರೆ" ಎಂದು ಕೂಗಿ ನಿಲ್ಲಿಸಿಬಿಟ್ಟರಂತೆ. ಕಂಡಕ್ಟರು ರೇಗಿದ. ಎರಡು ನಿಮಿಷಕ್ಕೆ ಒಬ್ಬ ಹೆಂಗಸು ನೀರಿನ ಬಾಟಲಿ ಹಿಡಿದು ಏದುಸಿರು ಬಿಡುತ್ತ ಓಡಿ ಬಂದಳಂತೆ.

ಬೀದಿಯಲ್ಲಿ ಸಿಕ್ಕದ್ದು ಆರು ಬೆಕ್ಕು. ಅವು ಮಲಗಿ ಏಳುವವರೆಗೆ ನಾವು ಅವರಿವರ ಜಗುಲಿಯಲ್ಲಿ ಕಾಯಬೇಕು. ಹೂವು ಕಟ್ಟುವ ಎದುರುಮನೆ ಗಂಗಕ್ಕ ಅವರನ್ನು ಕೇಳಿದಳು, "ಏನ್ರೀ ಯಜಮಾನ್ರೇ, ಬೆಕ್ಕಿಗೂ ರೇಷನ್ ಕಾರ್ಡ್ ಮಾಡಿಸ್ತಾರಾ?"

"ಹೂಂ ಕಣವ್ವಾ. ನಿಮ್ಮ ಬೆಕ್ಕಿನ ಆಧಾರ್ ತಗಂಬಾ."

ನಾಲ್ಕು ದಿನ ನೋಡಿ, ನಮ್ಮ ನಡುಮನೆಯಲ್ಲಿ ಬಗ್ಗಿ, ಎರಡೂ ಕೈ ಮುಂದೆ ಚಾಚಿ ಬೆನ್ನು ಎಳೆದು ತೋರಿಸಿದರು. "ಹಿಂಗೆ. ಮೊದ್ಲು ಮುಂಗಾಲು, ಆಮ್ಯಾಲೆ ಹಿಂಗಾಲು, ಆಮ್ಯಾಲೆ ಆಕಳಿಕೆ. ಐದು ಹಂಗೇ ಎದ್ವು. ನಿಮ್ದು ಮುಂಗಾಲು ಚಾಚಲ್ಲ." ನಾನು ಮಂಡಕ್ಕಿಯ ಕಡೆ ತಿರುಗಿದೆ. "ಆದ್ರೆ ಗಂಗಕ್ಕನ ಮನೇದೂ ಚಾಚಲ್ಲ. ಅದು ದಿನಾ ಎರಡು ಇಲಿ ತಿಂತೈತೆ." ಇಷ್ಟು ಹೇಳಿ ಚಹಾವನ್ನು ಸಾಸರಿಗೆ ಬಗ್ಗಿಸಿಕೊಂಡರು. ಅವರ ಜೊತೆ ಯಾವ ವಿಷಯವೂ ಒಂದು ದಡಕ್ಕೆ ಬಂದು ನಿಲ್ಲುತ್ತಿರಲಿಲ್ಲ.

ಚಳಿ ಜಾಸ್ತಿಯಾದಾಗ ಊರಿನಿಂದ ಒಂದು ಕರಿ ಕಂಬಳಿ ತುಂಡು ತಂದರು. ಬಡಕಲು ಮರಿಗೆ ಹಾಸುವುದಂತೆ. ಚೀಲ ತೆಗೆದು ಅದನ್ನು ಹಾಸಿದೆವು. ಮಂಡಕ್ಕಿ ಮೂಸಿ, ಸುತ್ತು ಹಾಕಿ, ಹತ್ತಿ ನಿಂತಿತು. ನಿಂತದ್ದೇ ಮುಂಗಾಲೆರಡನ್ನೂ ಒಂದಾದ ಮೇಲೊಂದು ಒತ್ತತೊಡಗಿತು. ಕಣ್ಣು ಅರೆಮುಚ್ಚಿದೆ, ಬಾಯಿಂದ ಜೊಲ್ಲು ಇಳಿಯುತ್ತಿದೆ, ಗಂಟಲಲ್ಲಿ ಗುರುಗುರು. ನಿಲ್ಲಿಸುತ್ತಲೇ ಇಲ್ಲ. ಚೀಲದ ಮೇಲೆ ನಾಲ್ಕು ವರ್ಷ ಮಲಗಿದ ಅದು ಒಂದು ದಿನವೂ ಹೀಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಅವರ ಮುಖ ಬಿಳಿಚಿತು. "ಅಮ್ಮಾ, ಸೆಳೆತ! ಕುರಿಗೆ ಸೆಳೆತ ಬಂದಾಗ ಹಿಂಗೇ ಕಾಲಾಡಿಸ್ತಾವೆ. ಆಟೋ ಕರೀರಿ."

ಹೊನ್ನಾಳಿಯವರೆಗೆ ಆಟೋದಲ್ಲಿ ಹೋದೆವು. ಕಂಬಳಿಯ ಸಮೇತ ಬೆಕ್ಕನ್ನು ಅವರು ಎದೆಗವಚಿಕೊಂಡು ಕೂತಿದ್ದರು. ಡಾಕ್ಟರ ಮೇಜಿನ ಮೇಲಿಟ್ಟಾಗಲೂ ಅದು ಒತ್ತುತ್ತಲೇ ಇತ್ತು. ಡಾಕ್ಟರು ನಮ್ಮಿಬ್ಬರ ಮುಖ ನೋಡಿ, ನಗು ತಡೆಯಲಾರದೆ ಕನ್ನಡಕ ತೆಗೆದರು.

"ಇದು ಸೆಳೆತ ಅಲ್ಲಮ್ಮ, ಖುಷಿ. ಮರಿಯಾಗಿದ್ದಾಗ ತಾಯಿ ಹಾಲು ಕುಡೀವಾಗ ಹೀಗೆ ಒತ್ತುತ್ತವೆ. ಮೆತ್ತಗೆ ಬೆಚ್ಚಗೆ ಏನಾದರೂ ಸಿಕ್ಕರೆ ದೊಡ್ಡವಾದರೂ ಒತ್ತುತ್ತವೆ."

ವಾಪಸ್ಸು ಬರುವಾಗ ಆಟೋದಲ್ಲಿ ಅವರು, "ನಲವತ್ತು ವರ್ಷದಾಗೆ ನಾನು ಹಿಡಿದಿದ್ದು ಹತ್ತು ಬೆಕ್ಕು ಇರ್ಬೌದು. ಎಲ್ಲಾವೂ ನನ್ನ ಕಚ್ಚಿದ್ವು. ಖುಷಿಯಾಗಿದ್ದ ಬೆಕ್ಕು ನಾನು ನೋಡೇ ಇಲ್ಲ ನೋಡ್ರಿ" ಅಂದರು. ಎಷ್ಟೋ ದಿನದವರೆಗೆ ನನ್ನನ್ನು ಕಂಡಾಗಲೆಲ್ಲ ತಲೆ ಕೆರೆದುಕೊಂಡು, "ಖುಷಿನ ರೋಗ ಅಂದ್ಬಿಟ್ನಲ್ರೀ" ಅನ್ನುತ್ತಿದ್ದರು.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ತೂಕ ಎರಡೂವರೆಗೆ ಇಳಿಯಿತು. ಚನ್ನಗಿರಿಯ ಡಾಕ್ಟರಮ್ಮ ಮತ್ತೊಮ್ಮೆ ರಕ್ತ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕೂತು ಹೇಳಿದರು: ರೋಗ ಇಂಥದೇ ಎಂದು ನಾನು ಹೇಳಲಾರೆ. ಒಳಗೊಳಗೇ ನೋವಿರಬಹುದು, ಬೆಕ್ಕು ತೋರಿಸಿಕೊಳ್ಳುವುದಿಲ್ಲ. ಒಂದು ವಾರ ನೋಡಿ, ಸೋಮವಾರ ಬನ್ನಿ. ಹೀಗೇ ಇದ್ದರೆ ಒಂದು ಇಂಜೆಕ್ಷನ್ ಇದೆ, ನೋವಿಲ್ಲದೆ ಕಳಿಸಿಕೊಡಬಹುದು. ನಿರ್ಧಾರ ನಿಮ್ಮದು.

"ಅದು ಗುರುಗುಟ್ತೈತೆ ಮೇಡಂ, ಕಂಬಳಿ ಒತ್ತತೈತೆ. ಖುಷಿ ಇಲ್ದೆ ಒತ್ತತೈತಾ?"

"ಗುರುಗುಟ್ಟೋದು ಖುಷಿಗೂ ಇರಬಹುದು, ನೋವಿಗೂ ಇರಬಹುದಮ್ಮ. ನೋವಾದಾಗ ತಮ್ಮನ್ನ ತಾವೇ ಸಮಾಧಾನ ಮಾಡ್ಕೊಳ್ಳಲಿಕ್ಕೂ ಗುರುಗುಟ್ಟುತ್ತವೆ."

ಆ ವಾರ ನಾನು ಏನು ಬರೆದೆನೋ ಕ್ಯಾಲೆಂಡರಿನಲ್ಲಿ ಈಗ ಓದಲಾಗುವುದಿಲ್ಲ. ಬರೆದು ಹೊಡೆದು, ಮತ್ತೆ ಬರೆದಿದ್ದೇನೆ. ಯಜಮಾನರು ಮಂಗಳವಾರ "ಕಳಿಸ್ಬಿಡಾಣ" ಅಂದರು, ಬುಧವಾರ "ನಿನ್ನೆ ನಾನಂದಿದ್ದು ಮರ್ತುಬಿಡು" ಅಂದರು. ಗುರುವಾರ ನಾನು ಇವರನ್ನೇ ಕೇಳಿದೆ. "ನೀವಾದ್ರೂ ಹೇಳ್ರಿ. ಅದು ಇರ್ಲೋ, ಬ್ಯಾಡ್ವೋ?"

ಅವರು ಸೊಟ್ಟ ಬೆರಳನ್ನು ಇನ್ನೊಂದು ಕೈಯಿಂದ ನೀವಿಕೊಳ್ಳುತ್ತ ಎರಡು ಸಂಗತಿ ಹೇಳಿದರು. ಜಗಳೂರಿನಲ್ಲಿದ್ದಾಗ ಒಬ್ಬ ಮುದುಕಿಗೆ, ಈ ಕುರಿ ವಾರ ದಾಟಲ್ಲ, ಕೊಟ್ಟುಬಿಡು ಅಂದರಂತೆ. ಅವಳು ಅಳುತ್ತ ಕೊಟ್ಟಳು. ಮುಂದಿನ ವರ್ಷ ಅದೇ ಕುರಿ ಕೊಂಡವನ ಹಟ್ಟಿಯಲ್ಲಿ ಎರಡು ಮರಿ ಹಾಕಿ ನಿಂತಿತ್ತು. ಚನ್ನಗಿರಿಯಲ್ಲಿದ್ದಾಗ ಸೂಳೆಕೆರೆ ಕಡೆಯ ಒಂದು ಮನೆಯವರಿಗೆ, ಎಮ್ಮೆ ಉಳಿಯುತ್ತೆ, ಧೈರ್ಯವಾಗಿರಿ ಅಂದರಂತೆ. ಅದು ಒಂಬತ್ತು ದಿನ ನರಳಿ ಸತ್ತಿತು. ಮನೆಯವರು ಆ ಒಂಬತ್ತೂ ದಿನ ಸರಿಯಾಗಿ ಉಣ್ಣಲಿಲ್ಲ.

"ಎರಡು ಕಡೀಗೂ ತಪ್ಪು ಮಾಡೀನಮ್ಮಾ. ಇನ್ನು ತಪ್ಪು ಮಾಡಾದಾದ್ರೆ ಯಾವ ಕಡೀಗೆ ಮಾಡ್ಬೇಕು ಅಂತ ನೀವೇ ನೋಡ್ರಿ."

"ನಿಮ್ಮ ಬೆಕ್ಕಾಗಿದ್ರೆ ನೀವೇನು ಮಾಡ್ತಿದ್ರಿ?"

"ಹೇಳಲ್ಲ. ನಾ ಹೇಳಿದ್ರೆ ನೀವು ನಂಬಿಬಿಡ್ತೀರಿ."

ನನಗೆ ಸಿಟ್ಟು ಬಂತು. ಅವರ ಮೇಲೆ ಬಂದ ಮೊದಲ ಸಿಟ್ಟು. "ಮತ್ತೆ ದಿನಾ ಯಾಕೆ ಬಂದು ಕೂರ್ತೀರಿ? ಹೇಳಾಕೆ ಏನೂ ಇಲ್ಲ ಅಂದ್ಮೇಲೆ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನೀವೊಬ್ರೇ ನೋಡ್ತಾ ಕೂರ್ಬಾರ್ದು ಅಂತ" ಅಂದರು.

ಸೋಮವಾರ ಬೆಳಿಗ್ಗೆ ಬಂದರು. ಬುಟ್ಟಿ ಬಾಗಿಲ ಹತ್ತಿರ ಸಿದ್ಧವಿತ್ತು. ಯಜಮಾನರು ಅಂಗಡಿ ತೆರೆದಿರಲಿಲ್ಲ. ಮೂವರೂ ಗೋಡೆಗೆ ಒರಗಿ ಕೂತೆವು. ಮಂಡಕ್ಕಿ ಎದ್ದಿತು. ಮುಂಗಾಲು ಅರ್ಧ ಚಾಚಿತು, ಅಥವಾ ಚಾಚಿದಂತೆ ಕಂಡಿತು. ಕಂಬಳಿಯನ್ನು ನಾಲ್ಕೈದು ಸಲ ಒತ್ತಿತು, ಮತ್ತೆ ಕೂತಿತು.

"ನಿಮಗೇನು ಕಂಡ್ತು?" ಎಂದು ಅವರು ನನ್ನನ್ನು ಕೇಳಿದರು.

"ಅರ್ಧ ಚಾಚ್ತು."

"ನಂಗೂ ಅಷ್ಟೇ ಕಂಡಿದ್ದು."

ಚನ್ನಗಿರಿಯ ಒಂಬತ್ತೂಕಾಲರ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಯಜಮಾನರು ಬುಟ್ಟಿಯನ್ನು ಎತ್ತಿ ಅಟ್ಟದ ಮೇಲಿಟ್ಟರು.

ಅದಾದ ಮೇಲೆ ಮಂಡಕ್ಕಿ ಒಂದು ವರ್ಷ ಬದುಕಿತು. ವಾಸಿಯಾಯಿತು ಎನ್ನಲಾರೆ. ಹದಿನೈದು ದಿನ ತಿನ್ನುವುದು, ಒಂದು ವಾರ ಬಿಡುವುದು. ಮೂರು ಕೆಜಿ ಮುಟ್ಟಲೇ ಇಲ್ಲ. ಕೆಲವು ದಿನ ಕಿಟಕಿಯಲ್ಲಿ ಕೂತು ಗುಬ್ಬಿ ನೋಡಿ ಹಲ್ಲು ಕಟಕಟಿಸುತ್ತಿತ್ತು. ಕೆಲವು ದಿನ ಮಂಚದ ಕೆಳಗೆ ಮೂಲೆಗೆ ಮುಖ ಮಾಡಿ ಕೂತು ಕರೆದರೂ ತಿರುಗುತ್ತಿರಲಿಲ್ಲ. ಗುಬ್ಬಿಯ ದಿನ ನಾವು ಮಾಡಿದ್ದು ಸರಿ ಅನ್ನಿಸುತ್ತಿತ್ತು, ಮೂಲೆಯ ದಿನ ತಪ್ಪು ಅನ್ನಿಸುತ್ತಿತ್ತು. ಅವರು ಊರಿಗೂ ಮಗಳ ಮನೆಗೂ ಓಡಾಡಿಕೊಂಡಿದ್ದರು. ನ್ಯಾಮತಿಯಲ್ಲಿದ್ದಾಗ ಬೆಳಿಗ್ಗೆ ಬಾಗಿಲ ಹೊರಗೆ ಒಮ್ಮೆ ಕೆಮ್ಮಿ, ಬೆಕ್ಕಿಗೆ ತಾವು ಬಂದದ್ದು ತಿಳಿಸಿ, ಆಮೇಲೆ ಒಳಗೆ ಬರುತ್ತಿದ್ದರು. ಗುಬ್ಬಿಯ ದಿನ ಬಂದರೂ ಮೂಲೆಯ ದಿನ ಬಂದರೂ ಅವರ ಮುಖ ಒಂದೇ ರೀತಿ ಇರುತ್ತಿತ್ತು. ಒಂದು ಸಲವೂ 'ನೋಡಿದ್ರಾ, ಉಳೀತು' ಅನ್ನಲಿಲ್ಲ. ಕಡೆಯ ಸಲ ಬಂದಾಗ ಸ್ವಲ್ಪ ಇಳಿದಿದ್ದರು. ನಾನು ಕೇಳಿದೆ. ಊಟ ಸೇರುತ್ತಿಲ್ಲ ಅಂದರು, ಡಾಕ್ಟರಿಗೆ ತೋರಿಸೀನಿ ಅಂದರು, ಮಾತು ಬೆಕ್ಕಿನ ಕಡೆಗೆ ತಿರುಗಿಸಿದರು.

ಅವರ ಸುದ್ದಿ ಬಂದ ಹತ್ತು ದಿನಕ್ಕೆ ಮಂಡಕ್ಕಿ ಮತ್ತೆ ಊಟ ಬಿಟ್ಟಿತು. ಈ ಸಲ ನೀರನ್ನೂ ಬಿಟ್ಟಿತು. ಎರಡು ಕೆಜಿ. ಕಂಬಳಿಯಿಂದ ಇಳಿಯಲು ಹೋಗಿ ಹಿಂಗಾಲು ಜಾರಿ ಕುಸಿಯಿತು. ಬೆಳಿಗ್ಗೆ ನಾನೊಬ್ಬಳೇ ಗೋಡೆಗೆ ಒರಗಿ ಕೂತು ನೋಡಿದೆ. ಅವರಿದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿದೆ. ಏನೂ ಹೇಳುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಬುಟ್ಟಿ ಇಳಿಸಿದೆ. ಆಗಲೇ, ಯಜಮಾನರು ಬೆರಳಿಗೆ ಮೊಸರು ಹಚ್ಚಿ ಹಿಡಿದರೆ ಅದು ನೆಕ್ಕಿತು. "ನೋಡೇ, ನೆಕ್ತು! ಎರಡು ಸಲ ನೆಕ್ತು!" ಎಂದು ಅವರು ಕೂಗಿದರು. ನಾನೂ ನೋಡಿದೆ. ನೆಕ್ಕಿದ್ದು ನಿಜ. ಬಟ್ಟೆ ಕಟ್ಟುತ್ತಿದ್ದ ನನ್ನ ಕೈ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಗಂಟು ಹಾಕಿದೆ. ಯಜಮಾನರು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡರು.

ಚನ್ನಗಿರಿಯಲ್ಲಿ ಡಾಕ್ಟರಮ್ಮ ಅದರ ಕಣ್ಣು, ಒಸಡು ನೋಡಿದರು. ಬೆನ್ನ ಮೇಲಿನ ಚರ್ಮ ಎಳೆದು ಬಿಟ್ಟರು. ಚರ್ಮ ಎಳೆದಲ್ಲೇ ನಿಂತಿತು, ಮೈಯ ನೀರು ಅಷ್ಟು ಬತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ನಿರ್ಧಾರ ಮಾಡಿದ್ರೇನಮ್ಮಾ?"

"ಮಾಡೀನಿ ಮೇಡಂ."

ಅವರು ಸಿರಿಂಜಿಗೆ ಔಷಧಿ ಎಳೆದುಕೊಂಡರು. "ಖಾತ್ರಿ ತಾನೆ?"

ಮಂಡಕ್ಕಿ ನನ್ನ ಸೆರಗಿನ ಮೇಲೆ ಗಲ್ಲ ಊರಿ ಗುರುಗುಡುತ್ತಿತ್ತು.

"ಇಲ್ಲ" ಅಂದೆ. ಅವರು ಸಿರಿಂಜು ಕೆಳಗಿಟ್ಟು ಕಾದರು. ಯಜಮಾನರು ಗೋಡೆಯ ಕಡೆ ತಿರುಗಿದರು.

"ಖಾತ್ರಿ ಇಲ್ಲ ಮೇಡಂ" ಎಂದು ಇನ್ನೊಮ್ಮೆ ಹೇಳಿ, ಅದರ ತಲೆಯ ಮೇಲೆ ಕೈ ಇಟ್ಟೆ. "ಆದ್ರೂ ಕೊಡ್ರಿ."